ಮಾದರಿ ಡೀಸೆಲ್ ರೈಲು ಎಂಜಿನ್‌ಗಳ ಹೊಗೆ ಘಟಕ

ಹೊಗೆ ಘಟಕ ಎಂಬುದು ಮಾದರಿ ರೈಲು ಎಂಜಿನ್‌ನ ಕವಚದೊಳಗೆ ಅಳವಡಿಸುವ ಪುಟ್ಟ ವಿದ್ಯುತ್ ಸಾಧನ. ಇದು ಕೆಲವು ಹನಿ ಎಣ್ಣೆಯನ್ನು ಕಾಯಿಸಿ, ಹೊಗೆಯಂತೆ ಕಾಣುವ ಮಂಜನ್ನು ಕೊಳವೆಯ ಮೂಲಕ ಹೊರಸೂಸುತ್ತದೆ. ಮೊದಲಿಗೆ ಉಗಿ ಎಂಜಿನ್‌ಗಳ ಮಾದರಿಗಳಿಗಾಗಿ ರೂಪುಗೊಂಡ ಈ ಸಾಧನವನ್ನು ಅನಂತರ ಡೀಸೆಲ್ ಎಂಜಿನ್‌ಗಳ ಮಾದರಿಗಳಲ್ಲಿಯೂ ಬಳಸಲಾಯಿತು. ನಿಜವಾದ ಡೀಸೆಲ್ ಎಂಜಿನ್‌ನ ಹೊಗೆಯ ಸ್ವಭಾವವನ್ನು ತಿಳಿಯದೆ ಅಳವಡಿಸಿದರೆ ಮಾದರಿಯು ಉಗಿಬಂಡಿಯಂತೆ ಪುಸುಪುಸು ಎನ್ನುತ್ತದೆಯೇ ಹೊರತು ಡೀಸೆಲ್ ಎಂಜಿನ್‌ನಂತೆ ತೋರುವುದಿಲ್ಲ.

ನಿಜವಾದ ಎಂಜಿನ್‌ಗಳ ಹೊಗೆ

ಚಿಕ್ಕಮಗಳೂರು ಜಿಲ್ಲೆಯ ಕಾಫಿ ಸೀಮೆಗೆ ರೈಲು ತಡವಾಗಿ ಬಂದಿತು. ಕಡೂರು–ಚಿಕ್ಕಮಗಳೂರು ಮಾರ್ಗ ಆರಂಭವಾದದ್ದು 2013ರಲ್ಲಿ. ಮೂಡಿಗೆರೆ ಮತ್ತು ಕಳಸದ ಕಡೆಯವರಿಗೆ ಬೆಟ್ಟ ಏರುವ ರೈಲನ್ನು ನೋಡಬೇಕೆಂದರೆ ನೆರೆಯ ಸಕಲೇಶಪುರಕ್ಕೇ ಹೋಗಬೇಕು. ಸಕಲೇಶಪುರ–ಸುಬ್ರಹ್ಮಣ್ಯ ರೋಡ್ ನಡುವಿನ ಸುಮಾರು 55 ಕಿ.ಮೀ. ಘಾಟಿ ಮಾರ್ಗ 1979ರಲ್ಲಿ ಮೀಟರ್ ಗೇಜ್ ಆಗಿ ತೆರೆಯಿತು. ಗೇಜ್ ಪರಿವರ್ತನೆಗಾಗಿ 1996ರಲ್ಲಿ ಮುಚ್ಚಿ, 2006ರಲ್ಲಿ ಸರಕು ರೈಲುಗಳಿಗೂ 2007ರ ಕೊನೆಯಲ್ಲಿ ಪ್ರಯಾಣಿಕರಿಗೂ ಮತ್ತೆ ತೆರೆಯಿತು. ಇಲ್ಲಿಯ ಏರು 50 ಅಡಿಗೆ 1 ಅಡಿಯಷ್ಟು, ಸುರಂಗಗಳು 57. ಭಾರದ ರೈಲುಗಳನ್ನು ಮುಂದಿನಿಂದ ಎಳೆಯುವುದರ ಜೊತೆಗೆ ಹಿಂದಿನಿಂದ ಬ್ಯಾಂಕರ್ ಎಂಜಿನ್‌ಗಳು ತಳ್ಳುತ್ತವೆ. ಡೀಸೆಲ್ ಹೊಗೆಯನ್ನು ಅಧ್ಯಯನ ಮಾಡಲು ಇದಕ್ಕಿಂತ ಒಳ್ಳೆಯ ಪಾಠಶಾಲೆ ಕರ್ನಾಟಕದಲ್ಲಿ ಇರಲಾರದು.

ಭಾರತದಲ್ಲಿ ಹೆಚ್ಚು ಹೊಗೆಗೆ ಹೆಸರಾದದ್ದು ಆಲ್ಕೋ ವಂಶದ ಎಂಜಿನ್. 1962ರಲ್ಲಿ ಅಮೆರಿಕದಿಂದ ಬಂದು, ಮುಂದೆ ವಾರಾಣಸಿಯ ಕಾರ್ಖಾನೆಯಲ್ಲಿ ತಯಾರಾದ ಡಬ್ಲ್ಯುಡಿಎಂ–2 ಇದರ ಪ್ರಸಿದ್ಧ ಪ್ರತಿನಿಧಿ. ಶಕ್ತಿ 2600 ಅಶ್ವಶಕ್ತಿ. ಈ ಎಂಜಿನ್‌ಗೆ ಗಾಳಿಯನ್ನು ಒತ್ತಿ ತುಂಬುವ ಟರ್ಬೋಚಾರ್ಜರ್ ಹೊರಬರುವ ಅನಿಲದ ಬಲದಿಂದಲೇ ತಿರುಗಬೇಕು. ಚಾಲಕ ನಾಚ್ ಏರಿಸಿದ ಕೂಡಲೇ ಇಂಧನ ಹೆಚ್ಚುತ್ತದೆ, ಆದರೆ ಟರ್ಬೋ ವೇಗ ಪಡೆಯಲು ಕೆಲವು ಕ್ಷಣ ಬೇಕು. ಆ ನಡುವೆ ಗಾಳಿ ಸಾಲದೆ ಇಂಧನ ಅರೆಬರೆ ಉರಿದು ಮಸಿಯಾಗುತ್ತದೆ. ಕಪ್ಪು ಹೊಗೆಯ ಕಂಬ ಮೇಲೇಳುತ್ತದೆ. ಟರ್ಬೋ ವೇಗ ಹಿಡಿದ ಮೇಲೆ ಹೊಗೆ ತಿಳಿಯಾಗುತ್ತದೆ. 1999ರಿಂದ ಬಂದ, ಹುಬ್ಬಳ್ಳಿ ಶೆಡ್‌ನೊಂದಿಗೆ ಹೆಸರು ಬೆಸೆದುಕೊಂಡ 4000 ಅಶ್ವಶಕ್ತಿಯ ಡಬ್ಲ್ಯುಡಿಜಿ–4 ಬೇರೆ ಜಾತಿಯದು. ಕಡಿಮೆ ವೇಗದಲ್ಲಿ ಇದರ ಟರ್ಬೋವನ್ನು ಹಲ್ಲುಚಕ್ರಗಳ ಮೂಲಕ ಎಂಜಿನ್ನೇ ತಿರುಗಿಸುವುದರಿಂದ ಗಾಳಿಯ ಕೊರತೆ ಅಷ್ಟಾಗಿ ಬಾಧಿಸದು, ಹೊಗೆಯೂ ಕಡಿಮೆ. ಆದ್ದರಿಂದ ಡಬ್ಲ್ಯುಡಿಜಿ–4ರ ಮಾದರಿಗೆ ದಟ್ಟ ಹೊಗೆ ಜೋಡಿಸುವುದು ನೋಡಲು ಚೆನ್ನಾದರೂ ಸತ್ಯಕ್ಕೆ ದೂರ.

ಇನ್ನೊಂದು ಸೂಕ್ಷ್ಮವಿದೆ. ಸುಬ್ರಹ್ಮಣ್ಯ ರೋಡ್‌ನಿಂದ ಯಡಕುಮೇರಿ, ದೋಣಿಗಲ್ ದಾಟಿ ಸಕಲೇಶಪುರಕ್ಕೆ ಏರುವ ರೈಲಿನ ಎಂಜಿನ್ ಪೂರ್ಣ ಹೊರೆಯಲ್ಲಿ ದುಡಿಯುತ್ತದೆ. ಅದೇ ಎಂಜಿನ್ ಇಳಿಯುವಾಗ ಎಳೆಯುವ ಕೆಲಸವಿಲ್ಲ, ತಡೆಯುವ ಕೆಲಸ ಮಾತ್ರ, ಹೊಗೆ ತೆಳುವಾಗಿರುತ್ತದೆ. ಘಾಟಿಯ ಮಾದರಿ ಕಟ್ಟುವವರು ಏರುವ ದಿಕ್ಕಿನಲ್ಲಿ ಮಾತ್ರ ಹೊಗೆ ಹಚ್ಚಿದರೆ ಸಾಕು, ಎಣ್ಣೆಯೂ ಉಳಿಯುತ್ತದೆ.

ರಚನೆ ಮತ್ತು ಕಾರ್ಯ

ಆಟಿಕೆ ರೈಲಿನ ಹೊಗೆಗೆ ಹಳೆಯ ಇತಿಹಾಸವಿದೆ. ಅಮೆರಿಕದ ಲಯೊನೆಲ್ ಕಂಪನಿ 1946ರಲ್ಲಿ ಬಲ್ಬಿನ ಶಾಖದಿಂದ ಅಮೋನಿಯಂ ನೈಟ್ರೇಟ್ ಗುಳಿಗೆಯನ್ನು ಕಾಯಿಸಿ ಹೊಗೆ ಬರಿಸಿತು. ಮರುವರ್ಷವೇ ಅದನ್ನು ಬಿಟ್ಟು ಕಾಯುವ ತಂತಿಗೆ ಬದಲಾಯಿಸಿತು. ಇಂದಿನ ಘಟಕಗಳಲ್ಲಿ ಮುಖ್ಯವಾಗಿ ಎರಡು ಬಗೆ. ಜರ್ಮನಿಯ ಜೋಯ್ಟೆ ಹೆಸರಿನಲ್ಲಿ ಪ್ರಸಿದ್ಧವಾದ ಸರಳ ಬಗೆಯಲ್ಲಿ ಎಣ್ಣೆ ತುಂಬಿದ ಲೋಹದ ಪಾತ್ರೆಯ ನಡುವೆ ಸಣ್ಣ ಕೊಳವೆಯೊಂದು, ಅದರ ಬಳಿ ಕಾಯುವ ತಂತಿ. ಎಣ್ಣೆ ಅಲ್ಲಿ ಆವಿಯಾಗಿ ಮೇಲೆ ಚಿಮ್ಮುತ್ತದೆ, ಹೊರಗಿನ ತಂಪು ಗಾಳಿ ತಾಗಿ ಸೂಕ್ಷ್ಮ ಹನಿಗಳ ಮಂಜಾಗುತ್ತದೆ. ಎರಡನೆಯ ಬಗೆಯಲ್ಲಿ ಬತ್ತಿ, ಕಾಯುವ ರೋಧಕ ಮತ್ತು ಪುಟ್ಟ ಫ್ಯಾನ್ ಇರುತ್ತವೆ. ಡೀಸೆಲ್ ಮಾದರಿಗೆ ಈ ಎರಡನೆಯದೇ ತಕ್ಕದ್ದು. ಉಗಿ ಎಂಜಿನ್‌ನ ಹೊಗೆ ಚಕ್ರದ ಸುತ್ತಿಗೆ ತಕ್ಕಂತೆ ಬಿಟ್ಟುಬಿಟ್ಟು ಬರುತ್ತದೆ. ಡೀಸೆಲ್‌ನದು ಎಡೆಬಿಡದ ಧಾರೆ. ಫ್ಯಾನ್‌ನ ವೇಗ ಬದಲಾಯಿಸಿ ನಿಂತಾಗ ತೆಳು, ಹೊರಡುವಾಗ ದಟ್ಟ ಎಂಬ ವ್ಯತ್ಯಾಸ ತರಬಹುದು.

ಮಾದರಿಯ ಹೊಗೆ ಎಂದೂ ಕಪ್ಪಾಗದು. ಕಪ್ಪು ಬಣ್ಣ ಮಸಿಯಿಂದ ಬರುವುದು. ಇಲ್ಲಿ ಇರುವುದು ಬೆಳಕನ್ನು ಚದುರಿಸುವ ಎಣ್ಣೆಯ ಹನಿಗಳು, ಹೀಗಾಗಿ ಅದು ಬಿಳಿ. ಎಣ್ಣೆಗೆ ಬಣ್ಣ ಬೆರೆಸಿದರೆ ಹೊಗೆಗೆ ಬಣ್ಣ ಬರುವುದಿಲ್ಲ, ತಂತಿಯ ಮೇಲೆ ಕಿಟ್ಟ ಕಟ್ಟುತ್ತದೆ ಅಷ್ಟೆ. ಹಿನ್ನೆಲೆಗೆ ಬಿಳಿ ಗೋಡೆಯ ಬದಲು ಕಡುಹಸಿರು ಕಾಡಿನ ಚಿತ್ರವಿದ್ದರೆ ಹೊಗೆ ಚೆನ್ನಾಗಿ ಎದ್ದು ಕಾಣುತ್ತದೆ. ಮಲೆನಾಡಿನ ಮಾದರಿಗೆ ಇದೊಂದು ಅನುಕೂಲ.

ಅಳವಡಿಕೆ

ಎಚ್‌ಒ ಪ್ರಮಾಣದಲ್ಲಿ, ಅಂದರೆ 87ರಲ್ಲಿ 1 ಪಾಲಿನ ಗಾತ್ರದಲ್ಲಿ, ಎಂಜಿನ್‌ನ ಒಳಗೆ ಮೋಟರು, ತೂಕದ ಗಟ್ಟಿಗಳು ಮತ್ತು ವಿದ್ಯುತ್ ಹಲಗೆ ಸೇರಿ ಜಾಗವೇ ಉಳಿದಿರುವುದಿಲ್ಲ. ಘಟಕಕ್ಕಾಗಿ ತೂಕದ ಗಟ್ಟಿಯನ್ನು ಕೊರೆಯಬೇಕಾಗುತ್ತದೆ; ಹಾಗೆ ಮಾಡಿದಷ್ಟೂ ಎಂಜಿನ್‌ನ ಎಳೆಯುವ ಶಕ್ತಿ ಕುಗ್ಗುತ್ತದೆ. ಕವಚದ ಪ್ಲಾಸ್ಟಿಕ್ ಸುಮಾರು 100 ಡಿಗ್ರಿ ಸೆಲ್ಸಿಯಸ್‌ನಲ್ಲೇ ಮೆತ್ತಗಾಗುವುದರಿಂದ ಘಟಕವು ಅದಕ್ಕೆ ತಾಗಬಾರದು. ಹೊಗೆ ಬಾಯಿಗೆ ಹಿತ್ತಾಳೆಯ ಕೊಳವೆ ತೊಡಿಸಿ, ಸುತ್ತ ಗಾಳಿಯಾಡಲು ಎಡೆ ಬಿಡುವುದು ವಾಡಿಕೆ.

ಹಳೆಯ ನೇರ ವಿದ್ಯುತ್ ಪದ್ಧತಿಯಲ್ಲಿ ಹಳಿಯ ವೋಲ್ಟೇಜ್ ವೇಗದೊಡನೆ ಏರಿಳಿಯುವುದರಿಂದ ಹೊರಡುವ ಹೊತ್ತಿಗೆ, ಅಂದರೆ ಹೊಗೆ ಬೇಕಾದ ಹೊತ್ತಿಗೇ, ಘಟಕ ಕಾದಿರುವುದಿಲ್ಲ. ಡಿಜಿಟಲ್ ನಿಯಂತ್ರಣದಲ್ಲಿ ಹಳಿಯ ವೋಲ್ಟೇಜ್ ಸ್ಥಿರವಾಗಿರುವುದರಿಂದ ಈ ತೊಡಕಿಲ್ಲ. ಆದರೆ ಡಿಕೋಡರ್‌ನ ಹೊರದಾರಿ ತಾಳುವ ವಿದ್ಯುತ್ತಿನ ಮಿತಿಯನ್ನು ಮೊದಲೇ ನೋಡಿಕೊಳ್ಳಬೇಕು. ಒಂದು ಘಟಕ 150 ಮಿಲಿಆಂಪಿಯರ್ ಎಳೆಯುತ್ತದೆಂದು ಇಟ್ಟುಕೊಂಡರೆ, ಮುಂದೆ ಎರಡು, ಹಿಂದೆ ಎರಡು ಬ್ಯಾಂಕರ್ ಕಟ್ಟಿದ ಘಾಟಿ ರೈಲಿಗೆ ಹೊಗೆಗೇ 600 ಮಿಲಿಆಂಪಿಯರ್ ಬೇಕು. ಮೋಟರುಗಳ ಲೆಕ್ಕ ಬೇರೆ.

ಎಚ್ಚರಿಕೆಗಳು

ಈ ಘಟಕಗಳಿಗೆ ಅವಕ್ಕೆಂದೇ ತಯಾರಾದ ಶುದ್ಧೀಕರಿಸಿದ ಪ್ಯಾರಾಫಿನ್ ಜಾತಿಯ ದ್ರವವನ್ನೇ ಬಳಸಬೇಕು. ಸೀಮೆಎಣ್ಣೆ, ಡೀಸೆಲ್ ಸಲ್ಲದು, ಬೆಂಕಿಯ ಭಯವಿದೆ. ಕೊಬ್ಬರಿ ಎಣ್ಣೆ ಕರಕಲಾಗಿ ಕೊಳವೆಯನ್ನು ಕಟ್ಟಿಸುತ್ತದೆ. ದ್ರವವಿಲ್ಲದೆ ವಿದ್ಯುತ್ ಹರಿಸಿದರೆ ತಂತಿ ಸುಟ್ಟುಹೋಗುತ್ತದೆ. ಅಂಚಿನವರೆಗೆ ತುಂಬಿದರೆ ಹೊಗೆಯ ಬದಲು ಬಿಸಿ ಎಣ್ಣೆ ಉಕ್ಕುತ್ತದೆ.

ಹೊಗೆಯ ಎಣ್ಣೆ ಕೊನೆಗೆ ಹಳಿಯ ಮೇಲೆಯೇ ಕೂರುತ್ತದೆ. ಅದಕ್ಕೆ ಧೂಳು ಅಂಟಿ ಚಕ್ರಕ್ಕೂ ಹಳಿಗೂ ಇರಬೇಕಾದ ವಿದ್ಯುತ್ ಸಂಪರ್ಕ ಕಡಿಯುತ್ತದೆ, ಏರಿನಲ್ಲಿ ಚಕ್ರ ಜಾರುತ್ತದೆ. ಮಳೆಗಾಲದಲ್ಲಿ ಕಿಟಕಿ ಮುಚ್ಚಿದ ಮಲೆನಾಡಿನ ಮನೆಗಳಲ್ಲಿ ಈ ಮಂಜು ಹೊರಹೋಗದೆ ಕೋಣೆಯಲ್ಲೇ ಸುಳಿಯುತ್ತದೆ. ಉಬ್ಬಸವಿರುವವರು ಇದ್ದರೆ ಹೊಗೆ ಹಚ್ಚದಿರುವುದೇ ಲೇಸು. ದ್ರವದ ಬಾಟಲಿ ಮಕ್ಕಳ ಕೈಗೆ ಸಿಗಬಾರದು. ತೆಳುವಾದ ಇಂಥ ಎಣ್ಣೆ ನುಂಗುವಾಗ ಶ್ವಾಸಕೋಶಕ್ಕೆ ಇಳಿದರೆ ಅಪಾಯಕಾರಿ ಉರಿಯೂತ ಉಂಟಾಗುತ್ತದೆ. ಮಗು ಕುಡಿದುಬಿಟ್ಟಿದ್ದರೆ ವಾಂತಿ ಮಾಡಿಸಲು ಯತ್ನಿಸದೆ ತಕ್ಷಣ ಆಸ್ಪತ್ರೆಗೆ ಒಯ್ಯಬೇಕು, ಬಾಟಲಿಯನ್ನೂ ಜೊತೆಗೆ ಕೊಂಡೊಯ್ದು ವೈದ್ಯರಿಗೆ ತೋರಿಸಬೇಕು.