ಕಂಕನಾಡಿಯ ಫಾದರ್ ಮುಲ್ಲರ್: ಸೇವೆಯಲ್ಲಿ ನಿಜವಾದ ಪ್ರೀತಿ

ಕ್ರೈಸ್ತ ಸೇವೆ ಎಂದೊಡನೆ ನಮಗೆ ನೆನಪಾಗುವುದು ದೊಡ್ಡ ಕಟ್ಟಡಗಳು, ಆಸ್ಪತ್ರೆಗಳು, ಶಾಲೆಗಳು. ಆದರೆ ಇವುಗಳಲ್ಲಿ ಎಷ್ಟೋ ಸಂಸ್ಥೆಗಳು ಎದುರಿಗೆ ಬಂದ ಒಬ್ಬ ನೋವುಂಡ ಮನುಷ್ಯನ ಬಗ್ಗೆ ಮೂಡಿದ ಕಾಳಜಿಯಿಂದ ಹುಟ್ಟಿದವು. ಮಂಗಳೂರಿನ ಕಂಕನಾಡಿಯ ಫಾದರ್ ಅಗಸ್ಟಸ್ ಮುಲ್ಲರ್ ಅವರ ಜೀವನ ಇದಕ್ಕೆ ಒಳ್ಳೆಯ ನಿದರ್ಶನ.

ಮುಲ್ಲರ್ ಅವರು 1841ರಲ್ಲಿ ಜರ್ಮನಿಯ ವೆಸ್ಟ್‌ಫಾಲಿಯಾದಲ್ಲಿ ಜನಿಸಿದರು. ಯೇಸುಸಭೆಯ ಗುರುಗಳಾಗಿ 1878ರ ಡಿಸೆಂಬರ್ 31ರಂದು ಮಂಗಳೂರಿಗೆ ಬಂದರು. ಅವರಿಗೆ ವಹಿಸಿದ ಕೆಲಸ ವಿದ್ಯಾರ್ಥಿಗಳಿಗೆ ಕಲಿಸುವುದು. ಆದರೆ ಅವರಿಗೆ ಹೋಮಿಯೋಪಥಿಯ ಪರಿಚಯವಿತ್ತು. ಕಾಯಿಲೆ ಬಿದ್ದ ವಿದ್ಯಾರ್ಥಿಗಳಿಗೆ ಔಷಧಿ ಕೊಡತೊಡಗಿದರು. ಸುದ್ದಿ ತಿಳಿದು ಬಡಬಗ್ಗರೂ ಬಂದರು. 1880ರಲ್ಲಿ ಕಂಕನಾಡಿಯ ಆಲದ ಮರದ ಕೆಳಗೆ ಔಷಧಿ ಹಂಚಲು ಆರಂಭಿಸಿದರೆಂದು ಸಂಸ್ಥೆಯ ಇತಿಹಾಸ ಹೇಳುತ್ತದೆ. ಮುಂದೆ ಅಲ್ಲಿಂದ ಔಷಧಿಗಳು ಅಂಚೆಯ ಮೂಲಕ ದೇಶದ ನಾನಾ ಭಾಗಗಳಿಗೆ ಹೋದವು. ಆ ಆದಾಯ ಬಡವರ ಚಿಕಿತ್ಸೆಗೆ ನೆರವಾಯಿತು.

1890ರಲ್ಲಿ ಅವರು ಕುಷ್ಠರೋಗಿಗಳಿಗಾಗಿ ಆಶ್ರಯಧಾಮ ತೆರೆದರು. ಆ ಕಾಲದಲ್ಲಿ ಈ ರೋಗವನ್ನು ಗುಣಪಡಿಸುವ ಔಷಧಿ ಇರಲಿಲ್ಲ. ಪರಿಣಾಮಕಾರಿ ಔಷಧಿ ದೊರೆತದ್ದು 1940ರ ದಶಕದಲ್ಲಿ. ಸ್ವಂತ ಮನೆಯವರೇ ಹೊರಗಿಟ್ಟ ಜನರಿಗೆ ಫಾದರ್ ಮುಲ್ಲರ್ ಕೊಡಬಹುದಾಗಿದ್ದದ್ದು ಇಷ್ಟೇ: ಒಂದು ಸೂರು, ಊಟ, ಗಾಯಕ್ಕೆ ಪಟ್ಟಿ ಮತ್ತು ತಮ್ಮ ಹತ್ತಿರ ಒಂದು ಜಾಗ. 1902ರಲ್ಲಿ, ಪ್ಲೇಗ್ ಎಂದರೆ ಜನರು ಊರು ಬಿಟ್ಟು ಓಡುತ್ತಿದ್ದ ಕಾಲದಲ್ಲಿ, ಪ್ಲೇಗ್ ರೋಗಿಗಳಿಗೂ ಆಸ್ಪತ್ರೆ ತೆರೆದರು. 1910ರ ನವೆಂಬರ್ 1ರಂದು ಅವರು ನಿಧನರಾದರು. ಇಂದು ಆ ಸ್ಥಳದಲ್ಲಿ ಅವರ ಹೆಸರಿನ ವೈದ್ಯಕೀಯ ಕಾಲೇಜು ಮತ್ತು ಆಸ್ಪತ್ರೆ ಇವೆ.

ಇಲ್ಲಿ ಗಮನಿಸಬೇಕಾದ ಮಾತೊಂದಿದೆ. ಗುಣವಾಗುವ ರೋಗಿಯನ್ನು ನೋಡಿಕೊಳ್ಳುವುದರಲ್ಲಿ ನಮಗೂ ತೃಪ್ತಿಯಿದೆ, ಹೆಸರಿದೆ. ಗುಣವಾಗದವನ ಪಕ್ಕದಲ್ಲಿ ಕೂರುವುದರಲ್ಲಿ ಫಲಿತಾಂಶ ಕಾಣುವುದಿಲ್ಲ. ನಮ್ಮ ಪ್ರೀತಿ ಪರೀಕ್ಷೆಗೆ ಒಳಗಾಗುವುದು ಅಲ್ಲಿಯೇ. ಯೇಸುಸ್ವಾಮಿ ಕುಷ್ಠರೋಗಿಯನ್ನು ಗುಣಪಡಿಸುವ ಮೊದಲು ಕೈಚಾಚಿ ಮುಟ್ಟಿದರೆಂಬುದನ್ನು ಶುಭಸಂದೇಶದಲ್ಲಿ ನಾವು ಓದುತ್ತೇವೆ. ಮುಟ್ಟಬಾರದೆಂದು ಸಮಾಜ ಹೇಳಿದವನನ್ನು ಅವರು ಮೊದಲು ಮನುಷ್ಯನೆಂದು ಗುರುತಿಸಿದರು.

ಕುಷ್ಠರೋಗಕ್ಕೆ ಈಗ ಸಂಪೂರ್ಣ ಚಿಕಿತ್ಸೆಯಿದೆ. ಆದರೂ ಅದನ್ನು ವಿಚ್ಛೇದನಕ್ಕೆ ಕಾರಣವೆಂದು ಪರಿಗಣಿಸುತ್ತಿದ್ದ ಕಾನೂನನ್ನು ನಮ್ಮ ದೇಶ ಬದಲಿಸಿದ್ದು 2019ರಲ್ಲಿ. ಔಷಧಿ ಬಂದ ಮೇಲೂ ದೂರವಿಡುವ ಮನಸ್ಸು ಬಹುಕಾಲ ಉಳಿಯಿತು.

ಪ್ರತಿಯೊಂದು ಧರ್ಮಕೇಂದ್ರದಲ್ಲೂ ಹೀಗೆ ದೂರವಾದವರು ಇದ್ದಾರೆ. ಹಾಸಿಗೆ ಹಿಡಿದ ಅಜ್ಜಿ, ಕುಡಿತದಿಂದ ಹೊರಬರಲಾರದ ತಂದೆ, ಮಾನಸಿಕ ಕಾಯಿಲೆಯ ಮಗನನ್ನು ಮನೆಯೊಳಗೇ ಇಟ್ಟುಕೊಂಡ ತಾಯಿ. ಅವರು ನಮ್ಮ ಸಭೆಗಳಿಗೆ ಬರುವುದಿಲ್ಲ, ವರದಿಗಳಲ್ಲೂ ಕಾಣುವುದಿಲ್ಲ. ವಾರ್ಡಿನ ಗುರಿಕಾರರು, ಧರ್ಮಭಗಿನಿಯರು ಹಾಗೂ ಗುರುಗಳಾದ ನಾವು ಈ ತಿಂಗಳು ಅಂಥ ಒಂದು ಮನೆಗಾದರೂ ಹೋಗೋಣ. ಕೈಯಲ್ಲಿ ಪರಿಹಾರವಿಲ್ಲದಿದ್ದರೂ ಹೋಗೋಣ. ಸ್ವಲ್ಪ ಹೊತ್ತು ಕೂತು ಅವರ ಮಾತು ಕೇಳೋಣ. ಮತ್ತೆ ಬರುತ್ತೇವೆಂದು ಹೇಳಿ, ಹೇಳಿದಂತೆ ಹೋಗೋಣ.