ಮೊಕುಹಂಗಾ ಕಲಿಕೆಯ ಇತಿಹಾಸ

ಮರದ ಹಲಗೆಯಲ್ಲಿ ಚಿತ್ರ ಕೊರೆದು, ನೀರಿನಲ್ಲಿ ಕಲಸಿದ ಬಣ್ಣ ಹಚ್ಚಿ, ಕೈಯಿಂದಲೇ ಕಾಗದಕ್ಕೆ ಇಳಿಸುವ ಜಪಾನಿನ ಮುದ್ರಣಕಲೆ ಮೊಕುಹಂಗಾ. ಎಣ್ಣೆಮಸಿಯಾಗಲಿ ಒತ್ತುಯಂತ್ರವಾಗಲಿ ಇದಕ್ಕೆ ಬೇಡ. ಎದೊ ಕಾಲದಲ್ಲಿ (1603–1868) ಕಾರ್ಯಾಗಾರಗಳೊಳಗೆ ಗುರುವಿನಿಂದ ಶಿಷ್ಯನಿಗೆ ಸಾಗುತ್ತಿದ್ದ ಈ ವಿದ್ಯೆ 20ನೆಯ ಶತಮಾನದಲ್ಲಿ ಪುಸ್ತಕ ಮತ್ತು ಶಾಲೆಗಳ ಮೂಲಕ ಹೊರಗಿನವರಿಗೂ ದೊರಕಿತು.

ವಿಧಾನ

ತೆಳು ಕಾಗದದಲ್ಲಿ ಬರೆದ ಚಿತ್ರವನ್ನು ಗಡುಸಾದ ಚೆರ್ರಿ ಹಲಗೆಗೆ ಮಗುಚಿ ಅಂಟಿಸಿ, ಕಾಗದದ ಸಮೇತ ಕೊರೆಯುತ್ತಾರೆ. ಮೂಲಚಿತ್ರ ಅಲ್ಲಿಗೆ ಇಲ್ಲವಾಗುತ್ತದೆ. ಒಂದೊಂದು ಬಣ್ಣಕ್ಕೂ ಬೇರೆ ಅಚ್ಚು. ಹಲಗೆಯ ಮೂಲೆಯಲ್ಲಿ ಒಂದು, ಅಂಚಿನಲ್ಲಿ ಒಂದು 'ಕೆಂತೊ' ಗುರುತು ಕೊರೆದಿರುತ್ತಾರೆ. ಅವಕ್ಕೆ ತಾಗಿಸಿ ಕಾಗದ ಹಾಸಿದರೆ ಬಣ್ಣಗಳು ತಮ್ಮ ತಮ್ಮ ಜಾಗದಲ್ಲಿ ಕೂರುತ್ತವೆ. ಬಣ್ಣಕ್ಕೆ ತುಸು ಅಕ್ಕಿಹಿಟ್ಟಿನ ಅಂಟು ಸೇರಿಸಿ ಅಚ್ಚಿಗೆ ಬಳಿದು, ತೇವಗೊಳಿಸಿದ ಕೊಜೊ (ಕಾಗದದ ಹಿಪ್ಪುನೇರಳೆ) ನಾರಿನ ಕಾಗದವನ್ನಿಟ್ಟು, ಬಿದಿರಿನ ಹಾಳೆ ಸುತ್ತಿದ 'ಬಾರೆನ್' ಬಿಲ್ಲೆಯಿಂದ ಬೆನ್ನಿಗೆ ಉಜ್ಜುತ್ತಾರೆ. ತೇವ ಹೆಚ್ಚಾದರೆ ಬಣ್ಣ ಹರಡುತ್ತದೆ; ಆರಿದರೆ ಬಣ್ಣ ಹಿಡಿಯುವುದಿಲ್ಲ, ಕಾಗದ ಕುಗ್ಗಿ ಗುರುತೂ ತಪ್ಪುತ್ತದೆ. ಈ ಹದ ಕೈಗೆ ಬರಲು ಗುರುವಿನ ಪಕ್ಕದಲ್ಲಿ ಕುಳಿತು ದುಡಿಯುವುದೇ ದಾರಿಯಾಗಿತ್ತು.

ಕಾರ್ಯಾಗಾರಗಳ ಕಾಲ

ಎದೊ ನಗರದ (ಇಂದಿನ ಟೋಕಿಯೊ) ಮುದ್ರಣದಲ್ಲಿ ಕೆಲಸ ನಾಲ್ವರಲ್ಲಿ ಹಂಚಿಹೋಗಿತ್ತು: ಹಣ ಹೂಡುವ ಪ್ರಕಾಶಕ, ಚಿತ್ರಕಾರ, ಕೆತ್ತನೆಗಾರ, ಮುದ್ರಕ. 1765ರಲ್ಲಿ ಸುಜುಕಿ ಹರುನೊಬುವಿನ ಚಿತ್ರಗಳೊಂದಿಗೆ ಬಹುವರ್ಣ ಮುದ್ರಣ ನೆಲೆಗೊಂಡ ಮೇಲೆ ಒಂದೊಂದು ಚಿತ್ರಕ್ಕೂ ಹಲವು ಅಚ್ಚುಗಳು ಬೇಕಾಗಿ, ಕಸುಬಿನ ಪರಿಣತಿ ಇನ್ನಷ್ಟು ಬೇರೆಬೇರೆಯಾಯಿತು. ಹುಡುಗನಾಗಿದ್ದಾಗಲೇ ಸೇರಿದ ಶಿಷ್ಯನ ಕಲಿಕೆ ಸುಮಾರು ಹತ್ತು ವರ್ಷ ನಡೆಯುತ್ತಿತ್ತು. ಕೆತ್ತನೆಯವನಿಗೆ ಮೊದಲು ಸುಲಭದ ಭಾಗಗಳು; ಮುಖ ಮತ್ತು ಕೂದಲಿನ ಎಳೆಗಳು ನುರಿತವರ ಪಾಲು. ಆದರೆ ಕೆತ್ತುವವನು ಮುದ್ರಣ ಕಲಿಯುತ್ತಿರಲಿಲ್ಲ, ಮುದ್ರಿಸುವವನು ಕೆತ್ತನೆ ಕಲಿಯುತ್ತಿರಲಿಲ್ಲ.

ಎರಡು ದಾರಿಗಳು

ಎದೊ ಕಾಲ ಮುಗಿದು ಬಂದ ಮೇಜಿ ಕಾಲದಲ್ಲಿ ಕಲ್ಲಚ್ಚು, ಛಾಯಾಚಿತ್ರ ಮತ್ತು ಪತ್ರಿಕೆಗಳು ಬಂದು ಕಾರ್ಯಾಗಾರಗಳ ಕೆಲಸ ಕುಗ್ಗಿತು. ಪ್ರಕಾಶಕ ವತನಬೆ ಶೋಜಬುರೊ ಹಳೆಯ ಹಂಚಿಕೆಯನ್ನೇ ಉಳಿಸಿಕೊಂಡು, ಕವಾಸೆ ಹಸುಯಿಯಂಥ ಚಿತ್ರಕಾರರಿಂದ 'ಶಿನ್ ಹಂಗಾ' (ಹೊಸ ಮುದ್ರಣ) ಬೆಳೆಸಿದ. ಇನ್ನೊಂದು ದಾರಿಯಲ್ಲಿ, ಬಾಲ್ಯದಲ್ಲಿ ಕೆತ್ತನೆಯ ಶಿಷ್ಯನಾಗಿದ್ದ ಯಮಮೊತೊ ಕನಾಯೆ 1904ರ 'ಮೀನುಗಾರ' ಚಿತ್ರವನ್ನು ತಾನೇ ಬರೆದು, ತಾನೇ ಕೊರೆದು, ತಾನೇ ಮುದ್ರಿಸಿದ. ಇದು 'ಸೊಸಾಕು ಹಂಗಾ' (ಸೃಜನಶೀಲ ಮುದ್ರಣ) ಪಂಥಕ್ಕೆ ನಾಂದಿಯಾಯಿತು. ಇಲ್ಲಿ ಒಬ್ಬನೇ ಮೂರೂ ಕಸುಬು ಅರಿಯಬೇಕಾದ್ದರಿಂದ ಕಲಿಕೆಯ ಕ್ರಮವೇ ಬದಲಾಯಿತು. ವೃತ್ತಿ ಕೆತ್ತನೆಗಾರನ ಬಳಿ ಪಳಗಿದ ಹಿರತ್ಸುಕ ಉನ್ಇಚಿ 1935ರಲ್ಲಿ ಟೋಕಿಯೊ ಲಲಿತಕಲಾ ಶಾಲೆಯಲ್ಲಿ ಮರದಚ್ಚಿನ ಪಾಠ ಆರಂಭಿಸಿದ. ಅವನಿಂದ ಕಲಿತ ಮುನಕತ ಶಿಕೊ 1956ರ ವೆನಿಸ್ ಬಿಯೆನಾಲೆಯಲ್ಲಿ ಮುದ್ರಣಕಲೆಯ ಮಹಾಬಹುಮಾನ ಪಡೆದ.

ಹೊರದೇಶಗಳಲ್ಲಿ

ಜಪಾನ್ ಸರ್ಕಾರದ ಮುದ್ರಣ ಇಲಾಖೆಯ ಮುಖ್ಯಸ್ಥ ತೊಕುನೊ ಒದಗಿಸಿದ ತಾಂತ್ರಿಕ ವಿವರ 1890ರ ದಶಕದಲ್ಲಿ ಅಮೆರಿಕದಲ್ಲಿ ಅಚ್ಚಾಯಿತು. ಇಂಗ್ಲೆಂಡಿನ ಜಾನ್ ಬ್ಯಾಟನ್ ಮತ್ತು ಫ್ರಾಂಕ್ ಮಾರ್ಲಿ ಫ್ಲೆಚರ್ ಆ ಬರಹದ ಆಸರೆಯಲ್ಲಿ ಪ್ರಯೋಗ ನಡೆಸಿದರು. ಫ್ಲೆಚರ್‌ನ 1916ರ ಕೈಪಿಡಿ ಇಂಗ್ಲಿಷ್ ಬಲ್ಲ ಕಲಿಯುವವರಿಗೆ ಬಹುಕಾಲ ಪಠ್ಯವಾಯಿತು. ಭಾರತ ಪ್ರವಾಸ ಮಾಡಿ ತಾಜ್‌ಮಹಲ್ ಮೊದಲಾದ ದೃಶ್ಯಗಳನ್ನು 1930ರ ದಶಕದಲ್ಲಿ ಅಚ್ಚಿಗಿಳಿಸಿದ ಯೊಶಿದ ಹಿರೋಶಿ, 1939ರಲ್ಲಿ ಇಂಗ್ಲಿಷಿನಲ್ಲೇ ಪುಸ್ತಕ ಹೊರತಂದು ತನ್ನ ಕಾರ್ಯಾಗಾರದ ವಿಧಾನಗಳನ್ನು ವಿವರಿಸಿದ.

ಇತ್ತೀಚಿನ ಕಾಲ

ಟೋಕಿಯೊದ ಅದಾಚಿ ಸಂಸ್ಥೆ ಕೆತ್ತನೆಗಾರ, ಮುದ್ರಕರನ್ನು ಹಿಂದಿನಂತೆ ಪ್ರತ್ಯೇಕವಾಗಿ ತಯಾರು ಮಾಡುತ್ತದೆ. ಅವಾಜಿ ದ್ವೀಪದಲ್ಲಿ 1997ರಲ್ಲಿ ಆರಂಭವಾದ ನಾಗಸಾವ ತರಬೇತಿ ಶಿಬಿರ ಪರದೇಶದ ಕಲಾವಿದರಿಗೆ ಎಲ್ಲ ಹಂತಗಳನ್ನೂ ಒಟ್ಟಿಗೆ ಕಲಿಸಿತು. 2011ರಲ್ಲಿ ಕ್ಯೋಟೊ ಮತ್ತು ಅವಾಜಿಯಲ್ಲಿ ಮೊದಲ ಅಂತಾರಾಷ್ಟ್ರೀಯ ಮೊಕುಹಂಗಾ ಸಮ್ಮೇಳನ ನಡೆಯಿತು. ಹೊರದೇಶಗಳ ಶಿಬಿರಗಳಲ್ಲಿ ಇಂದು ಚೆರ್ರಿ ಹಲಗೆಯ ಬದಲು ಪ್ಲೈವುಡ್ ಬಳಸುವುದೂ ಸಾಮಾನ್ಯ.