ಟಿಕೆಟ್ಟು ಕೊಟ್ಟವರು, ಮತ ಕೊಟ್ಟವರು

ನಮ್ಮ ಚನ್ನರಾಯಪಟ್ಟಣಕ್ಕೆ ಹಿಂದೆ ಇದ್ದ ಹೆಸರು ಕೊಳತೂರು. ಸುಮಾರು 1600ರ ವೇಳೆಗೆ ಹೊಳೆನರಸೀಪುರದ ಪಾಳೆಯಗಾರ ಲಕ್ಷ್ಮಪ್ಪ ನಾಯಕನು ಊರನ್ನು ಇಲ್ಲಿಯ ಹೆಬ್ಬಾರನ ಕೈಯಿಂದ ತೆಗೆದುಕೊಂಡು ತನ್ನ ಮಗ ಚನ್ನರಾಯನಿಗೆ ಕೊಟ್ಟನೆಂದೂ, ಊರಿಗೆ ಈ ಹೆಸರು ಬಂದುದು ಹಾಗೆಂದೂ ರೈಸ್ ಸಾಹೇಬರ ಗೆಜೆಟಿಯರು ಹೇಳುತ್ತದೆ. ತಂದೆ ಕೊಟ್ಟ, ಮಗ ಪಡೆದ. ಊರಿನವರನ್ನು ಯಾರೂ ಕೇಳಲಿಲ್ಲ. ಕೇಳುವ ಪದ್ಧತಿಯೇ ಆಗ ಇರಲಿಲ್ಲ.

ಈಗ ಕೇಳುವ ಪದ್ಧತಿ ಇದೆ. ಐದು ವರ್ಷಕ್ಕೊಮ್ಮೆ ವಿಧಾನಸಭೆಗೆ, ಮತ್ತೊಮ್ಮೆ ಲೋಕಸಭೆಗೆ ನಮ್ಮ ಮನೆಬಾಗಿಲಿಗೇ ಬಂದು ಕೈಮುಗಿದು ಕೇಳುತ್ತಾರೆ. ಆದರೆ ಒಂದು ಮಾತು. ಮತ ಯಾರಿಗೆ ಎಂದು ನಮ್ಮನ್ನು ಕೇಳುತ್ತಾರೆಯೇ ಹೊರತು, ಮತ ಕೇಳಲು ಯಾರು ಬರಬೇಕು ಎಂದು ಕೇಳುವುದಿಲ್ಲ. ಅದನ್ನು ನಿಶ್ಚಯಿಸುವವರು ಬೇರೆ. ಈ ಎರಡು ಪ್ರಶ್ನೆಗಳ ನಡುವಣ ಅಂತರವು ನಮ್ಮ ಜಿಲ್ಲೆಯ ಚುನಾವಣಾ ಚರಿತ್ರೆಯಲ್ಲಿ ಹೇಗೆ ಕಾಣಿಸಿಕೊಂಡಿದೆ ಎಂಬುದನ್ನು, ಹಳೆಯ ಫಲಿತಾಂಶಗಳ ಪಟ್ಟಿಗಳನ್ನು ಮುಂದಿಟ್ಟುಕೊಂಡು ನೋಡುವುದು ನನ್ನ ಉದ್ದೇಶ.

ಮೈಸೂರಿನವರಿಗೆ ಪ್ರಾತಿನಿಧ್ಯವೆಂಬುದು ಹೊಸದಲ್ಲ. ದಿವಾನ್ ರಂಗಾಚಾರ್ಲು ಅವರು 1881ರ ಅಕ್ಟೋಬರ್ 7ರಂದು ಪ್ರಜಾಪ್ರತಿನಿಧಿ ಸಭೆಯನ್ನು ಮೊದಲ ಬಾರಿಗೆ ಸೇರಿಸಿದಾಗ ಅದರಲ್ಲಿ 144 ಮಂದಿ ಇದ್ದರು. ತಾಲ್ಲೂಕು ತಾಲ್ಲೂಕಿನಿಂದ ಬಂದಿದ್ದ ರೈತಾಪಿ ಮುಖಂಡರು, ವರ್ತಕರು ಅವರು. ಬಂದವರು ಪ್ರತಿನಿಧಿಗಳೇ ಸರಿ, ಆದರೆ ಅವರನ್ನು ಆರಿಸಿ ಕಳುಹಿಸಿದ್ದು ಅಧಿಕಾರಿಗಳು. ಹತ್ತು ವರ್ಷ ಕಳೆದು, ಶೇಷಾದ್ರಿ ಅಯ್ಯರ್ ಅವರ ದಿವಾನಗಿರಿಯಲ್ಲಿ ಚುನಾವಣೆಯ ಹಕ್ಕು ಬಂದಿತು. ಅದೂ ಇಂತಿಷ್ಟು ಕಂದಾಯ ಕಟ್ಟುವವರಿಗೆ, ಪದವೀಧರರಿಗೆ ಮಾತ್ರ. ಮೊದಲು ಕಳುಹಿಸುವವರು ಅಧಿಕಾರಿಗಳಾಗಿದ್ದರು, ಆಮೇಲೆ ಉಳ್ಳವರಾದರು. ಕೂಲಿಯವನೂ, ಅವನ ಹೆಂಡತಿಯೂ ಮತಗಟ್ಟೆಯ ಮುಂದೆ ಸಾಲಿನಲ್ಲಿ ನಿಲ್ಲಲು 1952ರ ಮಹಾಚುನಾವಣೆಯೇ ಬರಬೇಕಾಯಿತು.

ಆ ಚುನಾವಣೆಯ ಕ್ರಮವನ್ನು ಇಂದಿನ ತರುಣರು ನಂಬಲಾರರು. ಒಬ್ಬೊಬ್ಬ ಉಮೇದುವಾರನಿಗೆ ಒಂದೊಂದು ಪೆಟ್ಟಿಗೆ. ಪೆಟ್ಟಿಗೆಯ ಮೇಲೆ ಅವನ ಗುರುತು. ಮತದಾರನು ಮರೆಯೊಳಗೆ ಹೋಗಿ, ತನಗೆ ಬೇಕಾದ ಗುರುತಿನ ಪೆಟ್ಟಿಗೆಯೊಳಗೆ ಕಾಗದವನ್ನು ಹಾಕಿ ಬರಬೇಕು. ಕಾಗದದ ಮೇಲೆ ಏನನ್ನೂ ಗುರುತಿಸಬೇಕಾಗಿರಲಿಲ್ಲ. ನೊಗ ಹೊತ್ತ ಜೋಡೆತ್ತು ಕಾಂಗ್ರೆಸ್ಸಿನ ಗುರುತು. ಒಕ್ಕಲುತನದ ನಾಡಿನಲ್ಲಿ ಇದಕ್ಕಿಂತ ಹೆಚ್ಚಿನ ಪ್ರಚಾರ ಬೇಕೆ? ಮೈಸೂರು ವಿಧಾನಸಭೆಯ 99 ಸ್ಥಾನಗಳಲ್ಲಿ 74 ಕಾಂಗ್ರೆಸ್ಸಿಗೆ ಹೋದವು. ಜೋಡೆತ್ತಿನ ಪೆಟ್ಟಿಗೆ ಯಾರ ಪಾಲಿಗೆ ಬಂದಿತೋ ಅವನು ಅರ್ಧ ಗೆದ್ದಂತೆಯೇ. ಹೀಗಾಗಿ ನಿಜವಾದ ಪೈಪೋಟಿ ಮತಗಟ್ಟೆಯಿಂದ ಹಿಂದಕ್ಕೆ ಸರಿದು, ಟಿಕೆಟ್ಟು ಹಂಚುವ ಸಮಿತಿಗಳ ಕೋಣೆಯೊಳಗೆ ನಡೆಯತೊಡಗಿತು. ಪ್ರಾಂತ ಸಮಿತಿಯ ಶಿಫಾರಸು, ಅದರ ಮೇಲೆ ದೆಹಲಿಯ ಕೇಂದ್ರ ಸಮಿತಿಯ ತೀರ್ಮಾನ. ಊರಿನಲ್ಲಿ ದುಡಿದವರು ಬೆಂಗಳೂರಿನಲ್ಲಿ ಕಾಯಬೇಕು. ಬೆಂಗಳೂರಿನಲ್ಲಿ ಕಾದವರು ದೆಹಲಿಯತ್ತ ನೋಡಬೇಕು.

ಈ ತೊಡಕು ನಮಗೆ ಮಾತ್ರ ಬಂದುದಲ್ಲ. ಅಮೆರಿಕದಲ್ಲಿಯೂ ಪಕ್ಷದ ನಾಯಕರು ಬಾಗಿಲು ಹಾಕಿಕೊಂಡು ಉಮೇದುವಾರರನ್ನು ಗೊತ್ತುಮಾಡುತ್ತಿದ್ದರು. ಅದಕ್ಕೆ ಬೇಸತ್ತು ವಿಸ್ಕಾನ್ಸಿನ್ ಸಂಸ್ಥಾನದವರು, ಲಾ ಫಾಲೆಟ್ ಎಂಬ ಗವರ್ನರನ ಕಾಲದಲ್ಲಿ, 1904ರಲ್ಲಿ ಜನಮತದಿಂದಲೇ ಒಂದು ಕಾನೂನನ್ನು ಸ್ಥಿರಪಡಿಸಿಕೊಂಡರು. 1906ರಿಂದ ಅಲ್ಲಿ ಇಡೀ ಸಂಸ್ಥಾನದಲ್ಲಿ ಎರಡು ಸಲ ಮತದಾನ. ಮೊದಲನೆಯದರಲ್ಲಿ ಆಯಾ ಪಕ್ಷದ ಉಮೇದುವಾರ ಯಾರಾಗಬೇಕೆಂದು ಮತದಾರರೇ ಹೇಳುತ್ತಾರೆ. ಸಂಸ್ಥಾನದ ಹುದ್ದೆಗಳಿಗೂ ರಾಷ್ಟ್ರದ ಕಾಂಗ್ರೆಸ್ ಸಭೆಗೂ ಇದೇ ಕ್ರಮ. ಎರಡನೆಯದು ನಿಜವಾದ ಚುನಾವಣೆ. ಮೊದಲನೆಯದಕ್ಕೆ ಪ್ರಾಥಮಿಕ ಚುನಾವಣೆ ಎಂದು ಹೆಸರು.

ಔಷಧ ಒಳ್ಳೆಯದೇ, ಆದರೆ ಅದನ್ನು ಯಾರಿಗೆ ಕೊಟ್ಟರು ಎಂಬುದನ್ನೂ ನೋಡಬೇಕು. ಟೆಕ್ಸಾಸ್ ಮೊದಲಾದ ದಕ್ಷಿಣದ ಸಂಸ್ಥಾನಗಳಲ್ಲಿ ಡೆಮಾಕ್ರಟಿಕ್ ಪಕ್ಷವೊಂದೇ ಪ್ರಬಲ. ಅದರ ಪ್ರಾಥಮಿಕ ಚುನಾವಣೆಯಲ್ಲಿ ಗೆದ್ದವನು ಮುಂದಿನದರಲ್ಲಿಯೂ ಗೆದ್ದ ಹಾಗೆಯೇ. ಆ ಪ್ರಾಥಮಿಕ ಚುನಾವಣೆಯೊಳಗೆ ಬಿಳಿಯರಲ್ಲದವರಿಗೆ ಪ್ರವೇಶವನ್ನೇ ಕೊಟ್ಟಿರಲಿಲ್ಲ. ಮುಖ್ಯ ಚುನಾವಣೆಯಲ್ಲಿ ಮತ ಹಾಕುವ ಹಕ್ಕು ಕಾಗದದ ಮೇಲೆ ಇತ್ತು. ಅಷ್ಟರಲ್ಲಿ ತೀರ್ಮಾನ ಮುಗಿದುಹೋಗಿರುತ್ತಿತ್ತು. 1944ರಲ್ಲಿ ಅಲ್ಲಿಯ ಸರ್ವೋಚ್ಚ ನ್ಯಾಯಾಲಯ ಈ ಪದ್ಧತಿಯನ್ನು ತಳ್ಳಿಹಾಕಿತು. ಒಂದೇ ಪಕ್ಷ ಪ್ರಬಲವಾಗಿರುವ ಕಡೆ ಟಿಕೆಟ್ಟೇ ಚುನಾವಣೆ ಎಂಬುದು ಇದರಿಂದ ತಿಳಿಯುವ ಪಾಠ. ಐವತ್ತರ ದಶಕದ ನಮ್ಮ ಮೈಸೂರಿಗೂ ಈ ಮಾತು ಬಹುಮಟ್ಟಿಗೆ ಸಲ್ಲುತ್ತದೆ.

ಈಗ 1962ಕ್ಕೆ ಬರೋಣ. ಆ ವರ್ಷದ ಮಹಾಚುನಾವಣೆಯಲ್ಲಿ ಹಲವು ಹೊಸತುಗಳಿದ್ದವು. ಬೇರೆ ಬೇರೆ ಪೆಟ್ಟಿಗೆಗಳು ಹೋಗಿ, ಎಲ್ಲ ಉಮೇದುವಾರರ ಹೆಸರು ಮತ್ತು ಗುರುತುಗಳಿರುವ ಒಂದೇ ಮತಪತ್ರ ಮತದಾರನ ಕೈಗೆ ಬಂದಿತು. ಬೇಕಾದವನ ಗುರುತಿನ ಮೇಲೆ ಅವನೇ ಮುದ್ರೆ ಒತ್ತಬೇಕು. ಬೆರಳಿಗೆ ಹಚ್ಚುವ ಅಳಿಸಲಾಗದ ಶಾಯಿಯನ್ನು ಮೈಸೂರಿನ ಅರಗು ಮತ್ತು ಬಣ್ಣದ ಕಾರ್ಖಾನೆ ದೇಶಕ್ಕೆ ಒದಗಿಸತೊಡಗಿದ್ದೂ ಆಗಲೇ.

ಹೊಳೆನರಸೀಪುರ ತಾಲ್ಲೂಕಿನ ಹರದನಹಳ್ಳಿಯ ಒಬ್ಬ ತರುಣ ಆ ವರ್ಷ ಕಾಂಗ್ರೆಸ್ಸಿನ ಟಿಕೆಟ್ಟನ್ನು ಬಯಸಿದ್ದರು. 1953ರಿಂದ ಪಕ್ಷದಲ್ಲಿ ದುಡಿದವರು. ಹಾಸನದ ಪಾಲಿಟೆಕ್ನಿಕ್ಕಿನಲ್ಲಿ ಸಿವಿಲ್ ಎಂಜಿನಿಯರಿಂಗ್ ಡಿಪ್ಲೊಮಾ ಮಾಡಿ, ಗುತ್ತಿಗೆ ಕೆಲಸ ಹಿಡಿದು, ಸಹಕಾರ ಸಂಘ, ತಾಲ್ಲೂಕು ಬೋರ್ಡು ಎಂದು ಓಡಾಡಿದವರು. ವಯಸ್ಸು ಇನ್ನೂ 28. ಟಿಕೆಟ್ಟು ಸಿಕ್ಕಲಿಲ್ಲ. ಹೆಚ್. ಡಿ. ದೇವೇಗೌಡರು ಪಕ್ಷದಿಂದ ಹೊರಬಂದು ಸ್ವತಂತ್ರವಾಗಿ ನಿಂತರು, ಗೆದ್ದರು.

ಈ ಫಲಿತಾಂಶವನ್ನು ಒಬ್ಬ ದೊಡ್ಡ ರಾಜಕಾರಣಿಯ ಉದಯವೆಂದು ಮಾತ್ರ ಓದುವುದು ವಾಡಿಕೆ. ಹೊಳೆನರಸೀಪುರದ ಮತದಾರನ ಕಡೆಯಿಂದ ನೋಡಿದರೆ ಬೇರೆ ಅರ್ಥ ಹೊಳೆಯುತ್ತದೆ. ಮೇಲಿನ ಸಮಿತಿ ತೀರ್ಮಾನಿಸಿದ್ದನ್ನು ಆತ ಮತ್ತೆ ವಿಚಾರಣೆಗೆ ತೆಗೆದುಕೊಂಡ. ತನ್ನನ್ನು ಕೇಳದೆ ಮುಗಿಸಿದ್ದ ಪ್ರಾಥಮಿಕ ಚುನಾವಣೆಯನ್ನು ಮುಖ್ಯ ಚುನಾವಣೆಯ ದಿನವೇ ನಡೆಸಿ ತೀರ್ಪು ಕೊಟ್ಟ.

ಅದೇ ದಿನದ ಇನ್ನೊಂದು ಮತಪತ್ರವನ್ನೂ ಮರೆಯಬಾರದು. ಆಗ ವಿಧಾನಸಭೆಗೂ ಲೋಕಸಭೆಗೂ ಒಟ್ಟಿಗೆ ಮತದಾನ. ಹಾಸನ ಕ್ಷೇತ್ರ ದೆಹಲಿಗೆ ಕಾಂಗ್ರೆಸ್ಸಿನ ಹೆಚ್. ಸಿದ್ದನಂಜಪ್ಪನವರನ್ನೇ ಪುನಃ ಕಳುಹಿಸಿತು. ಇಡೀ ರಾಜ್ಯದಲ್ಲಿಯೂ ಹೀಗೆಯೇ. ಲೋಕಸಭೆಯ 26 ಸ್ಥಾನಗಳಲ್ಲಿ 25 ಕಾಂಗ್ರೆಸ್ಸಿಗೆ. ವಿಧಾನಸಭೆಯ 208ರಲ್ಲಿ 138 ಮಾತ್ರ. ವಿಧಾನಸಭೆಗೆ ಸ್ವತಂತ್ರರೇ 27 ಮಂದಿ ಬಂದರು. ಹೊಸದುರ್ಗದಲ್ಲಿ ಸ್ವತಃ ನಿಜಲಿಂಗಪ್ಪನವರೇ ಸೋತು, ಎಸ್. ಆರ್. ಕಂಠಿಯವರು ಕೆಲವು ತಿಂಗಳು ಮುಖ್ಯಮಂತ್ರಿಯಾಗಿರಬೇಕಾಯಿತು. ದೆಹಲಿಗೆ ಪಕ್ಷವನ್ನು, ಬೆಂಗಳೂರಿಗೆ ಮನುಷ್ಯನನ್ನು ನೋಡಿ ಮತ ಹಾಕಿದರು ಎಂದರೆ ತಪ್ಪಾಗಲಾರದು. ಅಕ್ಷರ ಬಾರದವರು, ಗುರುತು ನೋಡಿ ಒತ್ತುವವರು ಎಂದು ಪಟ್ಟಣದ ನಾವು ಹಗುರವಾಗಿ ಆಡುವ ಮಾತಿಗೆ ಈ ಎರಡು ಅಂಕಿಗಳೇ ಉತ್ತರ.

ಮುಂದಿನ ಫಲಿತಾಂಶಗಳಲ್ಲಿಯೂ ಈ ಜಿಲ್ಲೆ ಇದೇ ಸ್ವಭಾವವನ್ನು ತೋರಿಸಿದೆ. 1967ರಲ್ಲಿ ದೇವೇಗೌಡರು ಮತ್ತೆ ಸ್ವತಂತ್ರರಾಗಿ ಗೆದ್ದರು. ಅದೇ ವರ್ಷ ಹಾಸನದ ಲೋಕಸಭಾ ಸ್ಥಾನ ಕಾಂಗ್ರೆಸ್ಸಿನ ಕೈತಪ್ಪಿ ಸ್ವತಂತ್ರ ಪಕ್ಷದ ನುಗ್ಗೇಹಳ್ಳಿ ಶಿವಪ್ಪನವರಿಗೆ ಬಂದಿತು. ನಮ್ಮ ತಾಲ್ಲೂಕಿನ ನುಗ್ಗೇಹಳ್ಳಿಯ ಹೆಸರನ್ನು ಹೊತ್ತವರು ಅವರು. ಅವರೇ 1971ರಲ್ಲಿ ಕಾಂಗ್ರೆಸ್ಸಿನಿಂದ ನಿಂತು ಅದೇ ಸ್ಥಾನವನ್ನು ಗೆದ್ದರು. 1972ರಲ್ಲಿ ಇಂದಿರಾ ಗಾಂಧಿಯವರ ಅಲೆಯಲ್ಲಿ ಕಾಂಗ್ರೆಸ್ 216ರಲ್ಲಿ 165 ಸ್ಥಾನ ಗೆದ್ದಾಗಲೂ ಹೊಳೆನರಸೀಪುರ ಸಂಸ್ಥಾ ಕಾಂಗ್ರೆಸ್ಸಿನ ದೇವೇಗೌಡರ ಕೈ ಬಿಡಲಿಲ್ಲ. ಅರಕಲಗೂಡಿನದು ಇನ್ನೂ ಸೊಗಸು. ಎ. ಮಂಜು ಅವರನ್ನು ಆ ಕ್ಷೇತ್ರ 1999ರಲ್ಲಿ ಭಾರತೀಯ ಜನತಾ ಪಕ್ಷದಿಂದ, 2008 ಮತ್ತು 2013ರಲ್ಲಿ ಕಾಂಗ್ರೆಸ್ಸಿನಿಂದ, 2023ರಲ್ಲಿ ಜಾತ್ಯತೀತ ಜನತಾದಳದಿಂದ ಆರಿಸಿ ಕಳುಹಿಸಿತು. ಟಿಕೆಟ್ಟಿನ ಬಣ್ಣ ಬದಲಾದರೂ ಹೆಸರು ಬದಲಾಗಲಿಲ್ಲ.

ಹಾಗೆಂದು ಇಲ್ಲಿಯವರು ವ್ಯಕ್ತಿಗೆ ಶಾಶ್ವತವಾಗಿ ಕಟ್ಟುಬಿದ್ದವರೆಂದು ತಿಳಿಯಬಾರದು. 1989ರಲ್ಲಿ ಹೊಳೆನರಸೀಪುರವೇ ದೇವೇಗೌಡರನ್ನು ಸೋಲಿಸಿ ಕಾಂಗ್ರೆಸ್ಸಿನ ಜಿ. ಪುಟ್ಟಸ್ವಾಮಿಗೌಡರನ್ನು ಗೆಲ್ಲಿಸಿತು. ಪ್ರಧಾನಿ ಪದವಿಯನ್ನು ಕಂಡುಬಂದಿದ್ದವರನ್ನು 1999ರಲ್ಲಿ ಹಾಸನ ಲೋಕಸಭಾ ಕ್ಷೇತ್ರ ಮತ್ತೆ ಸೋಲಿಸಿತು. ಎದುರಾಳಿ ಮತ್ತೆ ಪುಟ್ಟಸ್ವಾಮಿಗೌಡರೇ. 2004ರಲ್ಲಿ ಅದೇ ಹಾಸನ ದೇವೇಗೌಡರನ್ನು ಕರೆದು ಕೂರಿಸಿತು. 2024ರಲ್ಲಿ ಇಬ್ಬರ ಮೊಮ್ಮಕ್ಕಳೂ ಅದೇ ಕ್ಷೇತ್ರದಲ್ಲಿ ಎದುರುಬದುರು ನಿಂತರು. ಪುಟ್ಟಸ್ವಾಮಿಗೌಡರ ಮೊಮ್ಮಗ ಶ್ರೇಯಸ್ ಪಟೇಲ್ ಅವರು ನಲವತ್ತು ಸಾವಿರಕ್ಕೂ ಹೆಚ್ಚು ಮತಗಳಿಂದ ಪ್ರಜ್ವಲ್ ರೇವಣ್ಣ ಅವರನ್ನು ಸೋಲಿಸಿದರು. ಅದಕ್ಕೆ ಒಂದು ವರ್ಷದ ಹಿಂದೆ ಇದೇ ಶ್ರೇಯಸ್ ಅವರನ್ನು ಹೊಳೆನರಸೀಪುರದ ವಿಧಾನಸಭಾ ಮತದಾರರು ಮೂರು ಸಾವಿರದ ಚಿಲ್ಲರೆ ಮತಗಳಿಂದ ಹಿಂದಕ್ಕೆ ಕಳುಹಿಸಿ, ಹೆಚ್. ಡಿ. ರೇವಣ್ಣನವರನ್ನು ಉಳಿಸಿಕೊಂಡಿದ್ದರು.

ಮತದಾರ ತನ್ನ ಕೆಲಸವನ್ನು ಚೆನ್ನಾಗಿಯೇ ಮಾಡುತ್ತಿದ್ದಾನೆ, ಒಪ್ಪಿಕೊಳ್ಳೋಣ. ಆದರೆ ಮೇಲಿನ ಹೆಸರುಗಳನ್ನು ಓದುಗರು ಇನ್ನೊಮ್ಮೆ ನೋಡಬೇಕು. ತಾತ, ಮಗ, ಮೊಮ್ಮಗ. 2023ರಲ್ಲಿ ಹಾಸನ ನಗರದ ಜನತಾದಳದ ಟಿಕೆಟ್ಟು ನಾಯಕರ ಮನೆಯವರಿಗೋ ಹೊರಗಿನವರಿಗೋ ಎಂದು ತಿಂಗಳುಗಟ್ಟಲೆ ಚರ್ಚೆ ನಡೆದು, ಕೊನೆಗೆ ಮನೆಯ ಹೊರಗಿನ ಸ್ವರೂಪ್ ಪ್ರಕಾಶ್ ಅವರಿಗೆ ಬಂದಿತು, ಅವರು ಗೆದ್ದರು. ಕಾರ್ಯಕರ್ತರ ಮಾತು ನಡೆಯಿತೆಂದು ಹಲವರು ಸಂತೋಷಪಟ್ಟರು. ಸಂತೋಷಪಡತಕ್ಕದ್ದೇ. ಆದರೆ ಅವರೂ ಹಿಂದಿನ ಶಾಸಕ ಹೆಚ್. ಎಸ್. ಪ್ರಕಾಶ್ ಅವರ ಮಗ.

1962ರ ತರುಣನಿಗೆ ತೆರೆದಿದ್ದ ಬಾಗಿಲು ಈಗ ಎಷ್ಟು ತೆರೆದಿದೆ? ಸ್ವತಂತ್ರರಾಗಿ 1962ರಲ್ಲಿ 27 ಮಂದಿ, 1967ರಲ್ಲಿ 41 ಮಂದಿ ವಿಧಾನಸಭೆಯನ್ನು ಸೇರಿದ್ದರು. 2023ರಲ್ಲಿ 224 ಸ್ಥಾನಗಳಿಗೆ ಗೆದ್ದ ಸ್ವತಂತ್ರರು ಇಬ್ಬರೇ. ಇದಕ್ಕೆ ಕಾರಣಗಳು ಹಲವಿರಬಹುದು. ಚುನಾವಣೆಯ ಖರ್ಚು ಒಬ್ಬ ಮನುಷ್ಯನ ಶಕ್ತಿಯನ್ನು ಮೀರಿ ಬೆಳೆದಿದೆ. 1985ರ ಪಕ್ಷಾಂತರ ನಿಷೇಧ ಕಾನೂನು ಗೆದ್ದವರನ್ನು ಪಕ್ಷದ ಆಜ್ಞೆಗೆ ಬಿಗಿದಿದೆ. ಅದು ಬೇಕಾಗಿದ್ದ ಕಾನೂನೇ. ಆದರೆ ಟಿಕೆಟ್ಟು ಕೊಡುವವರ ಕೈಯನ್ನು ಅದು ಬಲಪಡಿಸಿತು. 2013ರಿಂದ ‘ಮೇಲಿನ ಯಾರೂ ಅಲ್ಲ’ ಎಂಬ ಗುಂಡಿಯೂ ಯಂತ್ರದಲ್ಲಿ ಬಂದಿದೆ. ಅದರಿಂದ ಬೇಡವೆನ್ನಬಹುದು, ಬೇಕಾದವರನ್ನು ಹೆಸರಿಸಲಾಗದು.

ಅಮೆರಿಕದ ಔಷಧವನ್ನು ನಮ್ಮಲ್ಲಿಯೂ ಒಮ್ಮೆ ಪರೀಕ್ಷಿಸಿದ್ದಾರೆ. 2014ರ ಲೋಕಸಭಾ ಚುನಾವಣೆಗೆ ಮೊದಲು ಕಾಂಗ್ರೆಸ್ ಪಕ್ಷ ದೇಶದ ಕೆಲವೇ ಕ್ಷೇತ್ರಗಳಲ್ಲಿ ಪ್ರಾಥಮಿಕ ಚುನಾವಣೆ ನಡೆಸಿತು. ಕರ್ನಾಟಕದಲ್ಲಿ ಬೆಂಗಳೂರು ಉತ್ತರ ಮತ್ತು ದಕ್ಷಿಣ ಕನ್ನಡ. ಮೊದಲನೆಯದರಲ್ಲಿ ಸಿ. ನಾರಾಯಣಸ್ವಾಮಿ, ಎರಡನೆಯದರಲ್ಲಿ ಜನಾರ್ದನ ಪೂಜಾರಿ ಆಯ್ಕೆಯಾದರು. ಮುಖ್ಯ ಚುನಾವಣೆಯಲ್ಲಿ ಇಬ್ಬರೂ ಸೋತರು. ಪ್ರಯೋಗವೂ ಅಲ್ಲಿಗೇ ತಣ್ಣಗಾಯಿತು. ಪ್ರಾಥಮಿಕ ಚುನಾವಣೆಯಿಂದ ಗೆಲುವು ಬರುವುದಿಲ್ಲವೆಂದು ಇದರಿಂದ ಸಾಧಿಸುವವರಿದ್ದಾರೆ. ಆ ವರ್ಷ ಆ ಪಕ್ಷ ದೇಶದಾದ್ಯಂತ ಸೋತಿತ್ತು. ಎರಡು ಕ್ಷೇತ್ರಗಳ ಸೋಲನ್ನು ಪದ್ಧತಿಯ ಮೇಲೆ ಹೊರಿಸುವುದು ನ್ಯಾಯವಲ್ಲ. ಮೇಲಾಗಿ ಅಲ್ಲಿ ಮತ ಹಾಕಿದವರು ಪಕ್ಷದ ಪದಾಧಿಕಾರಿಗಳೂ ಚುನಾಯಿತ ಸದಸ್ಯರೂ. ಸಾಮಾನ್ಯ ಮತದಾರ ಆಗಲೂ ಬಾಗಿಲ ಹೊರಗೇ ಇದ್ದ.

ಅಮೆರಿಕದ ಕಾನೂನನ್ನು ಹಾಗೆಯೇ ತಂದು ಇಲ್ಲಿ ನೆಡಬೇಕೆಂದು ನಾನು ಹೇಳುತ್ತಿಲ್ಲ. ಎರಡು ಸಲ ಚುನಾವಣೆಯೆಂದರೆ ಎರಡು ಸಲ ಖರ್ಚು; ಹಣವುಳ್ಳವನಿಗೆ ಎರಡು ಸಲ ಅನುಕೂಲ. ನನ್ನ ಪ್ರಶ್ನೆ ಅದಕ್ಕಿಂತ ಚಿಕ್ಕದು. ಒಂದು ಹೋಬಳಿಯಲ್ಲಿ ಪಕ್ಷಕ್ಕೆ ಚಂದಾ ಕೊಟ್ಟು ಸದಸ್ಯನಾದವನಿಗೆ ತನ್ನ ಕ್ಷೇತ್ರದ ಉಮೇದುವಾರ ಯಾರಾಗಬೇಕೆಂದು ಒಂದು ಚೀಟಿಯಲ್ಲಿ ಬರೆದು ಹಾಕುವ ಹಕ್ಕನ್ನು ಕೊಡಲು ಪಕ್ಷಗಳಿಗೆ ಏನು ಅಡ್ಡಿ? ಹಾಲಿನ ಸಹಕಾರ ಸಂಘದ ನಿರ್ದೇಶಕರನ್ನು ಆರಿಸುವಾಗ ನಮ್ಮ ಹಳ್ಳಿಗಳಲ್ಲಿ ಮತಪೆಟ್ಟಿಗೆ ಇಡುತ್ತಾರೆ. ಶಾಸಕನಾಗತಕ್ಕವನನ್ನು ಪಕ್ಷದೊಳಗೆ ಆರಿಸುವಾಗ ಮಾತ್ರ ಆ ಪೆಟ್ಟಿಗೆ ಕಾಣಿಸುವುದಿಲ್ಲ.

ಹೊಳೆನರಸೀಪುರದವರು 1962ರಲ್ಲಿ ಆ ಪೆಟ್ಟಿಗೆಯನ್ನು ಯಾರೂ ಕೊಡದಿದ್ದರೂ ತಾವೇ ಮಾಡಿಕೊಂಡರು. ಅಂದಿನ ಹಾಗೆ ತಾಲ್ಲೂಕಿನೆಲ್ಲೆಡೆ ಓಡಾಡಿ, ಟಿಕೆಟ್ಟು ಸಿಕ್ಕದೆ ಮನೆಗೆ ಹಿಂದಿರುಗುವ ಇಪ್ಪತ್ತೆಂಟರ ತರುಣ ತರುಣಿಯರು ಪ್ರತಿಯೊಂದು ಪಕ್ಷದಲ್ಲಿಯೂ ಇಂದಿಗೂ ಇದ್ದಾರೆ. ಅವರ ಹೆಸರು ಮತಪತ್ರದವರೆಗೆ ಬರುವುದೇ ಇಲ್ಲವಾದ್ದರಿಂದ, ಅವರಲ್ಲಿ ಯಾರನ್ನು ನಾವು ಕಳೆದುಕೊಂಡೆವು ಎಂಬುದನ್ನು ಯಾವ ಫಲಿತಾಂಶದ ಪಟ್ಟಿಯೂ ನಮಗೆ ಹೇಳಲಾರದು.